ಮಸ್ಕತ್‌ನಲ್ಲಿ ಅಪ್ಪಿಯಕ್ಕನ ಸ್ವರ

ಮಸ್ಕತ್‌ಗೆ ಹೋಗಿ ಬಂದವರು ನಮ್ಮೂರಿನಲ್ಲಿ ಖರ್ಜೂರ ಹಂಚುತ್ತಾರೆ. ನಾನು ಹಂಚಿದ್ದು ಗೊಣಗಾಟ. "ಹೇಗಿತ್ತು ಮೇಡಂ ಫಾರಿನ್?" ಎಂದು ಮಣಿಪಾಲದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದವರು ಸ್ವಲ್ಪ ಹೊತ್ತು ಉತ್ಸಾಹದಿಂದ ಕಿವಿಗೊಟ್ಟು, ಆಮೇಲೆ ಬೆಲ್ ಆಯಿತೆಂದು ಎದ್ದುಹೋದರು. ಬೆಲ್ ಆಗಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಓದುವವರು ನಡುವೆ ಎದ್ದುಹೋದರೂ ನನಗೆ ಕಾಣಿಸುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯಾರು ಯಾರು ಏನೇನು ಹೇಳಿದರೆಂದು ಬರೆದಿದ್ದೇನಲ್ಲ, ಅವೆಲ್ಲ ಶಬ್ದಕ್ಕೆ ಶಬ್ದ ಹಾಗೆಯೇ ಇದ್ದವೆಂದು ಪ್ರಮಾಣ ಮಾಡಲಾರೆ. ಕಂಡದ್ದು ಒಂದಷ್ಟು ದಿನ ಕಂಡಂತೆಯೇ ಉಳಿಯುತ್ತದೆ. ಕೇಳಿದ್ದನ್ನು ನಾವು ಬಸ್ಸಿನಿಂದ ಇಳಿಯುವುದರೊಳಗೆ ತಿದ್ದಿಬಿಟ್ಟಿರುತ್ತೇವೆ.

ಕಾಪು, ಹೊರಡುವ ಮೊದಲು

ತೊಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನಿಂದ ಒಂದು ತಂಡ ಕಾಪುವಿಗೆ ಬಂದು ಸಾಕ್ಷ್ಯಚಿತ್ರ ತೆಗೆಯಿತು. ಟಿವಿಗಾಗಿ ಸಾಧಕಿಯರ ಬಗ್ಗೆ ಒಂದು ಸರಣಿ. ಆ ಕಾಲದಲ್ಲಿ ಇಂಥವು ಬಹಳ. ಅನಕ್ಷರತೆ, ವರದಕ್ಷಿಣೆ, ಸಾರಾಯಿ, ಬಾಲ್ಯವಿವಾಹ. ಒಂದೊಂದು ಪಿಡುಗಿಗೆ ಒಬ್ಬೊಬ್ಬ ಸಾಧಕಿ, ಒಂದೊಂದು ಕೊಳಲು, ಕೊನೆಗೆ ಸೂರ್ಯೋದಯ. ನಮ್ಮ ಪಾಲಿಗೆ ಬಂದದ್ದು ಸಾರಾಯಿ. ಸಾಧಕಿ ಅಪ್ಪಿಯಕ್ಕ. ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದವರು. ಮೀನು ಮಾರಿ ಬಂದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಖಾಲಿ ಬುಟ್ಟಿಗಳನ್ನು ಸಾರಾಯಿ ಅಂಗಡಿಯ ಬಾಗಿಲಿಗೆ ಅಡ್ಡ ಇಟ್ಟು ದಿನಾ ಸಂಜೆ ಕೂತು, ಆ ಅಂಗಡಿ ಮುಚ್ಚಿಸಿದವರು. ಕುಡಿಯಲು ಬಂದವರು ಮೀನಿನ ವಾಸನೆಗಿಂತ ಹೆಂಡತಿಯ ಮುಖ ನೋಡಿ ವಾಪಸು ಹೋಗುತ್ತಿದ್ದರಂತೆ.

ತಂಡದವರಿಗೆ ತುಳು ಬಾರದು. ಅಪ್ಪಿಯಕ್ಕನಿಗೆ ಕನ್ನಡದಲ್ಲಿ ಮಾತಾಡಲು ಮನಸ್ಸಿಲ್ಲ. ನಡುವೆ ನಾನು. ಸಮಾಜಶಾಸ್ತ್ರ ಪಾಠ ಮಾಡುವವಳು, ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ದಾಟಿಸುತ್ತಿದ್ದೆ. ಶೂಟಿಂಗಿನ ದಿನಗಳ ನನ್ನ ದಿನಚರಿ ತೆಗೆದು ನೋಡಿದರೆ "ವಿಪರೀತ ಬಿಸಿಲು, ತಲೆನೋವು" ಎಂದಷ್ಟೇ ಇದೆ. ಸಮಾಜಶಾಸ್ತ್ರಜ್ಞೆಯ ಅವಲೋಕನ!

ಚಿತ್ರದ ಹೆಸರು 'ಕಡಲ ತಡಿಯ ಕಿಡಿ'. ಅದು ಟಿವಿಯಲ್ಲಿ ಬಂದ ಭಾನುವಾರ ಕಾಪುವಿನಿಂದ ಕಟಪಾಡಿಯವರೆಗೆ ಕರೆಂಟ್ ಇರಲಿಲ್ಲ. ನಾನಿದ್ದ ಮಣಿಪಾಲದಲ್ಲಿ ಕರೆಂಟ್ ಇತ್ತು, ನಾನು ಪರೀಕ್ಷೆಯ ಕೆಲಸದಲ್ಲಿದ್ದೆ. ಕಾರ್ಕಳದಲ್ಲಿದ್ದ ಅಪ್ಪಿಯಕ್ಕನ ತಂಗಿಯೊಬ್ಬರು ಮಾತ್ರ ನೋಡಿ, ಮರುದಿನ ಬಸ್ಸಿನಲ್ಲಿ ಬಂದು, "ನಿನ್ನ ಬುಟ್ಟಿ ಚಂದ ಬಂದಿದೆ" ಎಂದು ಹೇಳಿಹೋದರಂತೆ. ಎರಡು ವರ್ಷದ ನಂತರ ಅಪ್ಪಿಯಕ್ಕ ತೀರಿಕೊಂಡರು. ತಮ್ಮ ಚಿತ್ರವನ್ನು ಅವರು ನೋಡಲಿಲ್ಲ.

ಹೀಗೆ ಯಾರೂ ನೋಡದ ಚಿತ್ರ ಮಸ್ಕತ್‌ನಲ್ಲಿರುವ ನಮ್ಮ ಕರಾವಳಿಯವರ ಸಂಘಕ್ಕೆ ಹೇಗೋ ನೆನಪಾಯಿತು. ವಾರ್ಷಿಕೋತ್ಸವಕ್ಕೆ ಚಿತ್ರ ತೋರಿಸಬೇಕು, ತಂಡದವರು ಬರಬೇಕು ಎಂದು ಕರೆ ಬಂತು. ನಿರ್ದೇಶಕರು ಆ ಹೊತ್ತಿಗೆ ಧಾರಾವಾಹಿ ಮಾಡುತ್ತಿದ್ದರು. ಅವರು ಒಂದು ಕ್ಯಾಸೆಟ್ಟನ್ನು ಕೊರಿಯರ್‌ನಲ್ಲಿ ಕಳಿಸಿ, "ನಿಮ್ಮ ಹತ್ತಿರ ಪಾಸ್‌ಪೋರ್ಟ್ ಇದೆಯಲ್ಲ ಮೇಡಂ, ನೀವೇ ತಂಡ" ಎಂದರು. ನಾನು ತಂಡವಾದೆ. ನನ್ನ ಮನೆಯಲ್ಲಿ ವಿಸಿಆರ್ ಇಲ್ಲದ್ದರಿಂದ ನೋಡದೆಯೇ ಸೂಟ್‌ಕೇಸಿಗೆ ಹಾಕಿದೆ.

ಮಸ್ಕತ್, ಇಳಿದ ಕೂಡಲೇ

ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸ್ ತೆರೆಸಿದರು. ಉಪ್ಪಿನಕಾಯಿಯ ಭರಣಿ ಮೂಸಿ ನೋಡಿ ಬಿಟ್ಟರು. ಹಪ್ಪಳ ಬಿಟ್ಟರು. ಸೀರೆಯ ನಡುವಿನ ಕ್ಯಾಸೆಟ್ ಎತ್ತಿಕೊಂಡರು. ಹೊರಗಿನಿಂದ ಬರುವ ವಿಡಿಯೋ ಕ್ಯಾಸೆಟ್ಟುಗಳನ್ನೆಲ್ಲ ಅಲ್ಲಿ ಒಂದು ಕಚೇರಿಗೆ ಕಳಿಸಿ, ನೋಡಿ, ದೋಷವಿಲ್ಲದಿದ್ದರೆ ಹಿಂದೆ ಕೊಡುತ್ತಾರಂತೆ. ಇದು ನನಗೆ ಹೊಸದು. ಕೈಗೊಂದು ಚೀಟಿ ಬಂತು, ಪೂರ್ತಿ ಅರಬಿಯಲ್ಲಿ. ಅದರಲ್ಲಿ ನನ್ನ ಹೆಸರು ಯಾವುದು, ತಾರೀಕು ಯಾವುದು ಎಂದು ತಿಳಿಯದೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದಾಗ, ಗಾಜಿನ ಆಚೆಯಿಂದ ಗುಂಪೊಂದು ಕೈಬೀಸಿತು.

ಹೊರಗೆ ಕಾಲಿಟ್ಟದ್ದೇ ತಡ, ಹೂಗುಚ್ಛ. ಫೋಟೋ. ಇನ್ನೊಂದು ಹೂಗುಚ್ಛ, ಇನ್ನೊಂದು ಫೋಟೋ. ಸಂಘದ ಅಧ್ಯಕ್ಷರು ದಾಮೋದರಣ್ಣ, ಮೂಲ ಕಟಪಾಡಿ. ದೊಡ್ಡ ಮನಸ್ಸಿನ ಮನುಷ್ಯ. ಎದುರಿನವರ ವಾಕ್ಯ ಮುಗಿಯಲು ಬಿಡದಷ್ಟು ದೊಡ್ಡದು.

"ಕ್ಯಾಸೆಟ್ ತೆಗೆದುಕೊಂಡರು" ಎಂದೆ.

"ತಗೊಳ್ಳಲಿ ಮೇಡಂ, ಎಲ್ಲರದ್ದೂ ತಗೊಳ್ತಾರೆ. ಪ್ರಯಾಣ ಹೇಗಾಯ್ತು?"

"ಶುಕ್ರವಾರ ಅದನ್ನೇ ಅಲ್ಲವೇ ತೋರಿಸಬೇಕಾದ್ದು?"

"ಶುಕ್ರವಾರ ಪ್ರೋಗ್ರಾಮ್ ಭರ್ಜರಿ ಉಂಟು. ನೀವು ಎಂತ ಟೆನ್ಶನ್ ಮಾಡ್ಬೇಡಿ. ಕ್ಯಾಸೆಟ್ ಬಂದ್ರೆ ಬಂತು, ಇಲ್ಲದಿದ್ರೆ ನಮ್ಮ ಮಕ್ಕಳದ್ದು ಡ್ಯಾನ್ಸ್ ಉಂಟು."

ಕ್ಯಾಸೆಟ್ಟಿಗಾಗಿ ನಾನು ಬಂದದ್ದೋ, ನನಗಾಗಿ ಕ್ಯಾಸೆಟ್ ಬಂದದ್ದೋ ಎಂಬ ಸಂಶಯ ಆಗಲೇ ಹುಟ್ಟಿತು.

ರೂವಿ

ರೂವಿ ಎಂಬ ಪೇಟೆಯಲ್ಲಿ ದಾಮೋದರಣ್ಣನ ಮನೆ. ವಿದೇಶಕ್ಕೆ ಬಂದಿದ್ದೇನೆ ಎಂದು ನನಗೆ ನಾನೇ ಆಗಾಗ ಹೇಳಿಕೊಳ್ಳಬೇಕಾಗುತ್ತಿತ್ತು. ಬೆಳಿಗ್ಗೆ ನೀರುದೋಸೆ. ಮಧ್ಯಾಹ್ನ ಕಾರ್ಕಳದವರೊಬ್ಬರ ಮನೆಯಲ್ಲಿ ಊಟ, ಕೋಳಿ ಮತ್ತು ನೀರುದೋಸೆ. ರಾತ್ರಿ ಇನ್ನೊಬ್ಬರ ಮನೆ, "ನಿಮಗೆ ಊರಿನ ನೆನಪಾಗ್ಬಾರದು ಅಂತ ನೀರುದೋಸೆ ಮಾಡಿದ್ದೇವೆ." ಊರಿನಲ್ಲಿ ನಾನು ವಾರಕ್ಕೊಮ್ಮೆಯೂ ನೀರುದೋಸೆ ತಿನ್ನುವವಳಲ್ಲ. ಎಲ್ಲರ ಶೋಕೇಸಿನಲ್ಲೂ ಅದೇ ಪಿಂಗಾಣಿ ಕುದುರೆ, ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ: "ಉಡುಪಿಯಲ್ಲಿ ಈಗ ಜಾಗದ ರೇಟ್ ಹೇಗೆ?" ನನಗೆ ಗೊತ್ತಿಲ್ಲವೆಂದರೆ, ಊರಿನಲ್ಲೇ ಇದ್ದೂ ಗೊತ್ತಿಲ್ಲವೇ ಎಂದು ಕನಿಕರದಿಂದ ನೋಡುತ್ತಿದ್ದರು.

ಎರಡನೆಯ ದಿನ ಫೋನ್ ಬಂತು. ದಾಮೋದರಣ್ಣನ ಹೆಂಡತಿ ಶಶಿಕಲಕ್ಕ ರಿಸೀವರ್ ಕೊಟ್ಟು, "ಯಾರೋ ಹೆಂಗಸು, ಹೆಸರು ಹೇಳುದಿಲ್ಲ" ಎಂದರು.

"ನಾನು ಜಲಜಾಕ್ಷಿ. ಕಾಪು ಅಪ್ಪಿಯ ಮಗಳು. ಇಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡ್ಕೊಳ್ಳುದು." ಪಿಸುಮಾತು. "ಸಿನೆಮಾದಲ್ಲಿ ಅಮ್ಮ ಮಾತಾಡಿದ್ದಾರಾ ಮೇಡಂ?"

"ಮಾತಾಡಿದ್ದಾರಾ ಎಂದರೇನು, ಬೇಕಾದಷ್ಟು ಮಾತಾಡಿದ್ದಾರೆ! ಲೈಟ್‌ಹೌಸಿನ ಎದುರು ಬುಟ್ಟಿ ಹೊತ್ತು ನಡೆಯುತ್ತ ಹೇಳುವುದುಂಟು, ಗಂಡಸರ ಬಾಯಿಗೆ ಬೀಗ ಹಾಕಲಾಗದಿದ್ದರೆ ಅಂಗಡಿಯ ಬಾಗಿಲಿಗಾದರೂ ಹಾಕುತ್ತೇವೆ ಅಂತ."

ಆ ಕಡೆ ಅವಳು ಆ ಮಾತನ್ನು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಆಮೇಲೆ, "ಶುಕ್ರವಾರ ಎಂಟು ಗಂಟೆವರೆಗೆ ರಜೆ ಕೇಳಿದ್ದೇನೆ. ನಾನು ಬಂದದ್ದು ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಸ್ಟೇಜಿಗೆ ಕರೆದು ಶಾಲು ಹಾಕ್ತಾರೆ."

ಮತ್ರಾ

ಕ್ಯಾಸೆಟ್ ನೋಡುವ ಆ ಕಚೇರಿಗೆ ಹೋದರೆ, ಬುಧವಾರ ಬನ್ನಿ ಎಂದರು. ಅಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ. ಬುಧವಾರ ತಪ್ಪಿದರೆ ಚಿತ್ರವಿಲ್ಲ. ಈ ಲೆಕ್ಕವನ್ನು ದಾಮೋದರಣ್ಣನಿಗೆ ಬಿಡಿಸಿ ಹೇಳಿದೆ. ಅವರು, "ಕರೆಕ್ಟ್" ಎಂದು ಹೇಳಿ ನನ್ನನ್ನು ಅಲ್ಲಿಯ ಬಂದರುಪೇಟೆ ಮತ್ರಾ ತೋರಿಸಲು ಕರೆದುಕೊಂಡು ಹೋಗಿ, ಅರ್ಧದಲ್ಲಿ ಬಿಟ್ಟು, ಸ್ಟೇಜಿನ ಬ್ಯಾನರ್ ಬರೆಸಲು ಹೋದರು.

ಮತ್ರಾದಲ್ಲಿ ಬೆಟ್ಟ ಕಡಲಿಗೆ ಬೆನ್ನು ಕೊಟ್ಟು ಕೂತಂತಿದೆ. ಗಿಡವಿಲ್ಲದ ಬೆಟ್ಟ, ಒಣಗಿದ ಸಗಣಿಯ ಬಣ್ಣ. ಕಡಲು ಮಾತ್ರ ನಮ್ಮದೇ. ಅದನ್ನು ನೋಡಿದಾಗ ಕಾಪುವಿನ ದಿಕ್ಕು ಯಾವುದೆಂದು ಅಂದಾಜು ಮಾಡಿದೆ. ತಪ್ಪಿತ್ತೆಂದು ಆಮೇಲೆ ನಕ್ಷೆ ನೋಡಿದಾಗ ತಿಳಿಯಿತು. ಮೀನು ಮಾರ್ಕೆಟ್ಟಿಗೆ ಹೋದೆ. ಸ್ವಚ್ಛ ನೆಲ, ಸಾಲು ಸಾಲು ಮೀನು, ಬಿಳಿ ನಿಲುವಂಗಿಯ ಗಂಡಸರು. ಮಾರುವ ಹೆಂಗಸು ಒಬ್ಬಳೂ ಇಲ್ಲ. ಗಿರಾಕಿ ಬೆರಳು ತೋರಿಸುತ್ತಾನೆ, ಮಾರುವವನು ತಲೆಯಾಡಿಸುತ್ತಾನೆ, ಮೀನು ಚೀಲಕ್ಕೆ ಹೋಗುತ್ತದೆ. ನಮ್ಮಲ್ಲಿ ಹೀಗೆ ಮೀನು ಕೊಂಡರೆ ಮನೆಯವರು ಮೀನು ಕದ್ದು ತಂದದ್ದೆಂದು ತಿಳಿದಾರು. ಅಪ್ಪಿಯಕ್ಕನ ಬಳಿ ಬಂಗುಡೆ ಕೊಳ್ಳಬೇಕಾದರೆ ನಮ್ಮ ಮದುವೆ, ಸಂಬಳ, ಮೈಬಣ್ಣ ಎಲ್ಲದರ ಬಗ್ಗೆ ಅಭಿಪ್ರಾಯ ಕೇಳಿಸಿಕೊಳ್ಳಬೇಕಾಗಿತ್ತು. ಮೀನು ಆಮೇಲಿನದು.

ಫೋನಿನಲ್ಲಿ ಮಾತಾಡಿಕೊಂಡಿದ್ದಂತೆ ಕಡಲ ದಂಡೆಯ ಕಟ್ಟೆಯಲ್ಲಿ ಜಲಜಾಕ್ಷಿ ಕಾದಿದ್ದಳು. ಮಕ್ಕಳಿಬ್ಬರನ್ನು ಸಂಜೆ ಅಲ್ಲಿಗೆ ಕರೆತರುವುದು ಅವಳ ಕೆಲಸ. ಅಮ್ಮನದೇ ಅಗಲ ಹಣೆ. ಮಕ್ಕಳ ಮೇಲೊಂದು ಕಣ್ಣಿಟ್ಟೇ ಮಾತಾಡಿದಳು.

"ಅಮ್ಮ ಹೋದಾಗ ನನಗೆ ಬರ್ಲಿಕ್ಕೆ ಆಗ್ಲಿಲ್ಲ. ಕೆಲಸದ ಮನೆಯವರೆಲ್ಲ ಲಂಡನ್‌ಗೆ ಹೋಗಿದ್ರು, ನನ್ನ ಪಾಸ್‌ಪೋರ್ಟ್ ಅವರ ಹತ್ರ. ಫೋಟೋ ಉಂಟು ಮೇಡಂ, ಮೂರ್ನಾಲ್ಕು ಉಂಟು. ಸ್ವರ ಇಲ್ಲ."

"ಫೋನಿನಲ್ಲಿ ಮಾತಾಡುತ್ತಿದ್ದಿರಲ್ಲ?"

"ಅದು ಎಂತ ಮಾತು? ಜಿನಸಿನ ಅಂಗಡಿಗೆ ಮಾಡ್ಬೇಕು, ಅವರು ಕರೀಬೇಕು. ಅಮ್ಮ ಬಂದು, ಮಸ್ಕತ್‌ಗೆ ಫೋನ್ ಇಲ್ಲದೆಯೇ ಕೇಳ್ಬೇಕು ಅನ್ನೋ ಹಾಗೆ ಬೊಬ್ಬೆ ಹಾಕಿ, ಉಂಡಿಯಾ, ಆಯ್ತು ಇಡು, ಅಂತ ಇಡುದು." ನಕ್ಕಳು. ಆಮೇಲೆ ಮೆಲ್ಲಗೆ, "ಈಗ ಅಮ್ಮನ ಸ್ವರ ನೆನಪು ಮಾಡ್ಲಿಕ್ಕೆ ಹೋದ್ರೆ ನಂದೇ ಸ್ವರ ಬರ್ತದೆ. ಅಮ್ಮ ಹೇಳಿದ ಮಾತು, ಸ್ವರ ನಂದು. ಮೊದಲು ಹಾಗೆ ಇರ್ಲಿಲ್ಲ."

ನಾನು ಮತ್ತೊಮ್ಮೆ ಆ ಬೀಗದ ಮಾತು ಹೇಳಿದೆ. ಅಪ್ಪಿಯಕ್ಕ ಅದನ್ನು ಹೇಳುವಾಗ ಕತ್ತು ಸ್ವಲ್ಪ ಓರೆ ಮಾಡಿದ್ದನ್ನೂ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಕ್ಯಾಸೆಟ್ ನೋಡುವ ಕೋಣೆ

ಬುಧವಾರದ ಅಧಿಕಾರಿ ದುಂಡುಮುಖದ ಮಧ್ಯವಯಸ್ಕ. ಮುಂಬಯಿ ಚಿತ್ರಗಳನ್ನು ನೋಡಿ ನೋಡಿ ಕಲಿತ ಹಿಂದಿ. ನಮ್ಮ ಕ್ಯಾಸೆಟ್ ಇನ್ನೂ ನೋಡಿರಲಿಲ್ಲ. "ಕೂತುಕೊಳ್ಳಿ, ಒಟ್ಟಿಗೇ ನೋಡೋಣ" ಎಂದ. ಒಂದು ಟಿವಿ, ಒಂದು ವಿಸಿಆರ್, ಎರಡು ಲೋಟ ಕಪ್ಪು ಚಹಾ. ಚಿತ್ರ ತಯಾರಾಗಿ ವರ್ಷಗಳ ಮೇಲೆ ನಾನು ಅದನ್ನು ಮೊದಲ ಸಲ ನೋಡಿದ್ದು ಹೀಗೆ, ಹೊರದೇಶದ ಕಚೇರಿಯಲ್ಲಿ, ದೋಷ ಹುಡುಕುವವನ ಪಕ್ಕ ಕೂತು.

ಕೊಳಲು. ಅಲೆ. ಬುಟ್ಟಿ ಹೊತ್ತ ಅಪ್ಪಿಯಕ್ಕ. ಆಮೇಲೆ ಗಂಡು ಧ್ವನಿಯೊಂದು, ಗುಹೆಯೊಳಗಿಂದ ಬಂದಂತೆ: "ಅಲೆಗಳ ಅಬ್ಬರಕ್ಕೆ ಎದೆಯೊಡ್ಡಿ ನಿಂತ ಈ ಅನಕ್ಷರಸ್ಥ ಮಹಿಳೆ..." ಸಾರಾಯಿ ಪಾಕೀಟು ಕಂಡದ್ದೇ ಅಧಿಕಾರಿ ನಿಲ್ಲಿಸಿದ.

"ಇವಳು ಮದ್ಯ ಮಾರುವವಳೇ?"

"ಇಲ್ಲ, ನಿಲ್ಲಿಸಿದವಳು."

"ನಿಲ್ಲಿಸಿದವಳಾದರೆ ಪಾಕೀಟು ಯಾಕೆ ತೋರಿಸುತ್ತೀರಿ?"

"ಏನನ್ನು ನಿಲ್ಲಿಸಿದಳೆಂದು ಗೊತ್ತಾಗಬೇಡವೇ?"

ಅವನು ಯೋಚಿಸಿದ. ಮುಂದೆ ಓಡಿಸಿದ. ಮೀನು ಬಂದಾಗ ತಾನಾಗಿಯೇ ನಿಲ್ಲಿಸಿ, ಇದು ಯಾವ ಮೀನು, ನಿಮ್ಮಲ್ಲಿ ಹೇಗೆ ಬೇಯಿಸುತ್ತೀರಿ ಎಂದು ವಿಚಾರಿಸಿದ. ನನಗೆ ಉತ್ತರಿಸಲು ಮನಸ್ಸಿರಲಿಲ್ಲ. ಲೈಟ್‌ಹೌಸಿನ ದೃಶ್ಯ ಬಂದಿತ್ತು. ಅಪ್ಪಿಯಕ್ಕ ನಡೆಯುತ್ತಾರೆ, ಕತ್ತು ಓರೆಯಾಗುತ್ತದೆ, ತುಟಿಗಳು ಅಲ್ಲಾಡುತ್ತವೆ. ಕೇಳಿಸುವುದು ಗುಹೆಯ ಧ್ವನಿ: "ಗಂಡಸರ ಬಾಯಿಗೆ ಬೀಗ ಹಾಕಲಾಗದಿದ್ದರೆ ಅಂಗಡಿಯ ಬಾಗಿಲಿಗಾದರೂ ಹಾಕುತ್ತೇವೆ, ಎನ್ನುತ್ತಾರೆ ಅಪ್ಪಿಯವರು."

ಬೆಂಗಳೂರಿನಲ್ಲಿ ಯಾರೋ ಬರೆದ ಮಾತು. ನಿರ್ದೇಶಕರು ಹಸ್ತಪ್ರತಿ ಕಳಿಸಿದ್ದಾಗ ಓದಿರಬೇಕು. ಅದನ್ನು ಇಷ್ಟು ವರ್ಷ ಅಪ್ಪಿಯಕ್ಕನ ಬಾಯಲ್ಲಿಟ್ಟು, ಅವರ ಸ್ವರದಲ್ಲೇ ಕೇಳಿಸಿಕೊಂಡು ಬಂದಿದ್ದೆ! ಇಡೀ ಚಿತ್ರದಲ್ಲಿ ಅವರ ಒಂದು ಶಬ್ದವೂ ಕೇಳಿಸಲಿಲ್ಲ. ಅಷ್ಟೇಕೆ, ಕಡಲಿಗೂ ಸದ್ದಿರಲಿಲ್ಲ. ಕೊಳಲು, ಗುಹೆ, ಕೊಳಲು, ಸೂರ್ಯೋದಯ.

"ಒಳ್ಳೆಯ ಹೆಂಗಸು" ಎಂದು ಅಧಿಕಾರಿ ಕ್ಯಾಸೆಟ್ಟಿಗೆ ಮೊಹರು ಒತ್ತಿ ಕೊಟ್ಟ. "ನಿಮ್ಮ ತಾಯಿಯೇ?"

ಶುಕ್ರವಾರ

ಜಲಜಾಕ್ಷಿಗೆ ಹೇಳಲೇಬೇಕಿತ್ತು. ಫೋನ್ ಮಾಡುವಂತಿಲ್ಲ, ಅವಳೇ ಮಾಡಬೇಕು, ಮಾಡಲಿಲ್ಲ. ಶುಕ್ರವಾರ ಸಂಜೆ ಸಭಾಂಗಣದ ಬಾಗಿಲಲ್ಲಿ ಹಿಡಿದು ಹೇಳಿದೆ. ಮಲ್ಲಿಗೆಯಿಲ್ಲದ ಊರಲ್ಲಿ ಕಾಗದದ ಹೂ ಮುಡಿದು ಬಂದಿದ್ದಳು.

"ಅಮ್ಮ ಮಾತಾಡುವುದಿಲ್ಲ ಜಲಜಾಕ್ಷಿ. ನನಗೆ ತಪ್ಪು ನೆನಪಿತ್ತು. ಬೇರೆ ಯಾರೋ ಮಾತಾಡುವುದು."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಾಯಿ ಅಲ್ಲಾಡುದಾದ್ರೂ ಕಾಣ್ತದಲ್ವಾ?" ಎಂದಳು. ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಐದು ಗಂಟೆಯ ಕಾರ್ಯಕ್ರಮ ಆರರ ಸುಮಾರಿಗೆ ಶುರುವಾಯಿತು. ಪ್ರಾರ್ಥನೆ. ಸ್ವಾಗತ. ದೀಪ, ಹವಾನಿಯಂತ್ರಣದ ಗಾಳಿಗೆ ಬತ್ತಿ ಹತ್ತದೆ, ಅದನ್ನು ನಿಲ್ಲಿಸಿ ಹತ್ತಿಸಿ, ಮತ್ತೆ ಚಾಲೂ ಮಾಡಿದಾಗ ಆರಿತು. ಪ್ರಾಸ್ತಾವಿಕ ಭಾಷಣ. ನಮ್ಮವರು ಎಲ್ಲಿಗೆ ಹೋದರೂ ಪಾತ್ರೆಪಡಗ ಬಿಟ್ಟುಹೋದಾರು, ಸಭಾ ಕಾರ್ಯಕ್ರಮವನ್ನು ಬಿಟ್ಟುಹೋಗುವವರಲ್ಲ. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿ ಇಲ್ಲಿ ದೊಡ್ಡ ಹುದ್ದೆಯಲ್ಲಿದ್ದವರೊಬ್ಬರಿಗೆ ಸನ್ಮಾನ. ಅವರ ಮಾವನವರಿಗೆ ಸನ್ಮಾನ, ಊರಿನಿಂದ ಬಂದಿದ್ದಾರೆಂಬ ಕಾರಣಕ್ಕೆ. ನನಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನಪತ್ರದಲ್ಲಿ ನಾನು ಚಿತ್ರದ ನಿರ್ದೇಶಕಿಯಾಗಿದ್ದೆ. ತಿದ್ದಲು ಬಾಯಿ ತೆರೆದರೆ ದಾಮೋದರಣ್ಣ ನನ್ನ ತೆರೆದ ಬಾಯಿಗೆ ಸರಿಯಾಗಿ ಫೋಟೋಗ್ರಾಫರನ್ನು ಕರೆದರು.

ಗಡಿಯಾರ ನೋಡುತ್ತಿದ್ದೆ. ಏಳೂವರೆ. "ದಾಮೋದರಣ್ಣ, ಸಿನೆಮಾ."

"ಮಕ್ಕಳ ಡ್ಯಾನ್ಸ್ ಆಗಿ ಹಾಕುವ. ಜನ ಕೂತ್ಕೊಳ್ಬೇಕಲ್ಲ."

"ಈಗ ಹಾಕದಿದ್ದರೆ ನಾನು ಭಾಷಣ ಮಾಡುತ್ತೇನೆ" ಎಂದೆ.

ನನ್ನ ಜೀವಮಾನದಲ್ಲಿ ನಾನು ಹಾಕಿದ ಒಂದೇ ಬೆದರಿಕೆ ಇರಬೇಕು. ಫಲಿಸಿತು. ದೀಪಗಳು ಆರಿದವು. ಧ್ವನಿ ನೋಡಿಕೊಳ್ಳುತ್ತಿದ್ದ ಬಸವರಾಜ ವೇದಿಕೆಯ ಮೂಲೆಯಿಂದ ಕೈ ಎತ್ತಿ ಚಾಲೂ ಮಾಡಿದ. ಬಾಗಲಕೋಟೆ ಕಡೆಯವನು, ಮಣಿಪಾಲದಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಿದ್ದವನು ಇಲ್ಲಿಗೆ ಬಂದಿದ್ದ.

ಪರದೆಯ ಮೇಲೆ ಕಡಲು. ಕೊಳಲು ಇಲ್ಲ. ಗುಹೆಯೂ ಇಲ್ಲ. ಗಾಳಿ ಮೈಕಿಗೆ ಬಡಿಯುವ ಸದ್ದು, ಕಾಗೆ, ದೂರದಲ್ಲಿ ಹೈವೇಯ ಬಸ್ಸಿನ ಹಾರ್ನ್. "ಸೌಂಡ್! ಸೌಂಡ್!" ಎಂದು ಮುಂದಿನ ಸಾಲು ಕೂಗಿತು. ಅಷ್ಟರಲ್ಲಿ ಅಪ್ಪಿಯಕ್ಕ ಕಾಣಿಸಿಕೊಂಡು, ಬುಟ್ಟಿ ಹೊತ್ತು, ಕತ್ತು ಓರೆ ಮಾಡಿ, ಇಡೀ ಸಭಾಂಗಣ ನಡುಗುವಂತೆ ಹೇಳಿದರು:

"ಏತ್ ಸರ್ತಿ ನಡಪುನಿ ಮಾರಾಯ್ರೆ? ಮೀನ್ ಹಾಳಾಪುಂಡು!"

ಎಷ್ಟು ಸಲ ನಡೆಯುವುದು, ಮೀನು ಹಾಳಾಗುತ್ತದೆ. ಸಭೆ ಗೊಳ್ಳೆಂದಿತು. ತುಳುವಿನಲ್ಲಿ ಅವರು ಮುಂದುವರಿಸಿದರು. ನನಗೆ ನೆನಪಿರುವಷ್ಟನ್ನು ಕನ್ನಡದಲ್ಲಿ ಕೊಡುತ್ತೇನೆ. ಬೆಳಗಿನಿಂದ ನಡೆಸುತ್ತಿದ್ದೀರಿ, ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ನಾನು ಹೀಗೆ ನಡೆದಿದ್ದರೆ ಇಷ್ಟು ಹೊತ್ತಿಗೆ ಉಡುಪಿಯಲ್ಲಿ ಮೀನು ಮಾರಿ ಮನೆಗೆ ಬಂದಿರುತ್ತಿದ್ದೆ. ಆ ಟೊಪ್ಪಿಯವನಿಗೆ ಬುಟ್ಟಿ ಹೊರಿಸಿ, ಅವನು ನಡೆಯಲಿ, ನಾನು ನೋಡುತ್ತೇನೆ.

ಟೊಪ್ಪಿಯವರು ನಿರ್ದೇಶಕರು. ಪರದೆಯ ಹೊರಗಿನಿಂದ ಅವರ ಧ್ವನಿ, "ಏನಂತಾರೆ ಮೇಡಂ?" ಅದರ ಹಿಂದೆಯೇ ಇನ್ನೊಂದು ಧ್ವನಿ, ತೆಳ್ಳಗೆ, ಶುದ್ಧ ಕನ್ನಡದಲ್ಲಿ: "ಅವರಿಗೆ ತುಂಬ ಸಂತೋಷವಾಗಿದೆಯಂತೆ ಸರ್."

ನನ್ನದು. ಹಾಗೆ ಹೇಳಿದ್ದು ನನಗೆ ಸ್ವಲ್ಪವೂ ನೆನಪಿರಲಿಲ್ಲ. ಸಭೆ ನನ್ನ ಕಡೆ ತಿರುಗಿ ನಕ್ಕಿತು. ಶಶಿಕಲಕ್ಕ ಸೆರಗು ಬಾಯಿಗಿಟ್ಟುಕೊಂಡು ಮುಂದಕ್ಕೆ ಬಾಗಿದ್ದರು. ಹಾರ ಹಾಕಿಕೊಂಡು ನಗೆಪಾಟಲಾಗುವುದು ಬೇರೆಯೇ ಅನುಭವ.

ಊರಿಗೆ ಬಂದ ಮೇಲೆ ನಿರ್ದೇಶಕರನ್ನು ಕೇಳಿದಾಗ ವಿಷಯ ತಿಳಿಯಿತು. ಇಂಥ ಚಿತ್ರಗಳ ಕ್ಯಾಸೆಟ್ಟಿನಲ್ಲಿ ಧ್ವನಿಗೆ ಎರಡು ದಾರಿಗಳು. ಒಂದರಲ್ಲಿ ವಿವರಣೆ ಮತ್ತು ಸಂಗೀತ. ಇನ್ನೊಂದರಲ್ಲಿ ಶೂಟಿಂಗಿನ ಜಾಗದ ಸದ್ದೆಲ್ಲ ಹಾಗೆಯೇ, ಮುಂದೆ ಬೇರೆ ಭಾಷೆಗೆ ಮಾಡುವಾಗ ಬೇಕಾದೀತೆಂದು. ಅದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಅದನ್ನು ಶುದ್ಧ ಮಾಡುವುದೂ ಇಲ್ಲ. ಆ ಕಚೇರಿಯ ಟಿವಿಯಲ್ಲಿ ಮೊದಲ ದಾರಿ ಮಾತ್ರ ಕೇಳಿಸಿತ್ತು. ಸಭಾಂಗಣದಲ್ಲಿ ಅದರದೇ ತಂತಿ ಸಡಿಲವಾಗಿತ್ತು.

ಬಸವರಾಜ ಕೆಲಸಗಾರ. ಸಡಿಲವಾದ ತಂತಿ ಕಂಡುಹಿಡಿಯಲು ಅವನಿಗೆ ಎಷ್ಟು ಹೊತ್ತು? ಒತ್ತಿದ. "ಅಲೆಗಳ ಅಬ್ಬರಕ್ಕೆ ಎದೆಯೊಡ್ಡಿ ನಿಂತ ಈ..." ಎಂದು ಗುಹೆ ಬಾಯಿ ತೆರೆಯಿತು. ಅಪ್ಪಿಯಕ್ಕನ ಮಾತು ಕೊಳಲಿನ ಕೆಳಗೆ ಮುಳುಗಿಹೋಯಿತು. ಮುಂದಿನ ಸಾಲಿನಿಂದ ಚಪ್ಪಾಳೆ.

"ಅದು ತೆಗೀರಿ!"

ಹಿಂದಿನಿಂದ ಬಂದ ಕೂಗು. ಜಲಜಾಕ್ಷಿ ನಡುವಿನ ದಾರಿಗೆ ಬಂದು ನಿಂತಿದ್ದಳು.

ದಾಮೋದರಣ್ಣ ಎದ್ದು, "ಕೂತ್ಕೊಳ್ಳಮ್ಮ, ಈಗಷ್ಟೇ ಸರಿ ಆಯ್ತಲ್ಲ" ಎಂದರು.

"ಸರಿ ಆದದ್ದಲ್ಲ, ಹಾಳು ಮಾಡಿದ್ದು! ಆ ಗಂಡಸಿನ ಮಾತು ಯಾರಿಗೆ ಬೇಕು? ಅದು ನನ್ನ ಅಮ್ಮ. ಅವರು ಬೈಯುದು ಕೇಳ್ಬೇಕು ನನಗೆ. ಮೊದಲಿನದ್ದು ಹಾಕಿ."

ನಾನು ವೇದಿಕೆ ಹತ್ತಿದೆ. ಶಾಲು ಜಾರಿತು, ಹಣ್ಣಿನ ಬುಟ್ಟಿ ಕಾಲಿಗೆ ಸಿಕ್ಕಿ ಕಿತ್ತಳೆಗಳು ಉರುಳಿದವು. "ಏ ಮೇಡಂ, ಕೈ ಹಚ್ಚಬ್ಯಾಡ್ರಿ!" ಎಂದು ಬಸವರಾಜ ಅಡ್ಡ ಬಂದ. "ಈಗ ಚೊಲೋ ಬರಾಕತ್ತೈತಿ. ಮೊದಲಿಂದು ಅಕಿ ಏನೋ ಒದರಾಕತ್ತಿದ್ಲು, ಅದು ಡಿಸ್ಟರ್ಬನ್ಸ್ ರೀ!"

"ಆ ಡಿಸ್ಟರ್ಬನ್ಸೇ ಬೇಕು ಬಸವರಾಜ" ಎಂದು ಯಂತ್ರದ ಹಿಂದೆ ಕೈಹಾಕಿ ಒಂದು ತಂತಿ ಕಿತ್ತೆ. ಕಡಲು ಹೋಯಿತು, ಗುಹೆ ಉಳಿಯಿತು. ತಪ್ಪು ತಂತಿ. ಅದನ್ನು ತುರುಕಿ ಇನ್ನೊಂದನ್ನು ಕಿತ್ತೆ.

ಗಾಳಿ ಬಂತು. ಅದರ ಹಿಂದೆ ಅಪ್ಪಿಯಕ್ಕ. ಸಾರಾಯಿ ಅಂಗಡಿಯ ದೃಶ್ಯ. ಅಲ್ಲಿಯೂ ಯಾರಿಗೋ ಜೋರು ಮಾಡುತ್ತಿದ್ದರು, ಕ್ಯಾಮರಾದ ಎದುರು ಬುಟ್ಟಿಯನ್ನು ಚಂದಕ್ಕೆ ಇಡಲು ಹೇಳಿದ ಟೊಪ್ಪಿಯವರಿಗೇ ಇರಬೇಕು. ಒಮ್ಮೆ ನೇರವಾಗಿ ನಮ್ಮ ಕಡೆ ನೋಡಿ ಹೇಳಿದರು, "ನನ್ನ ಮಗಳು ಇಲ್ಲಿಲ್ಲ, ಮಸ್ಕತ್‌ನಲ್ಲಿ ಇದ್ದಾಳೆ. ಇದ್ದಿದ್ದರೆ ನಿಮಗೆ ಸರಿಯಾಗಿ ಹೇಳುತ್ತಿದ್ದಳು. ಅವಳ ಬಾಯಿ ನನ್ನದಕ್ಕಿಂತ ದೊಡ್ಡದು."

ಇಡೀ ಸಭೆ ಹಿಂದಕ್ಕೆ ತಿರುಗಿತು. ಜಲಜಾಕ್ಷಿ ನಿಂತಲ್ಲೇ ನಿಂತಿದ್ದಳು. ನಗುತ್ತಿದ್ದಳೆಂದು ಬರೆಯಬೇಕೋ ಅಳುತ್ತಿದ್ದಳೆಂದೋ ತಿಳಿಯುತ್ತಿಲ್ಲ. ಬೆಳಕು ಕಡಿಮೆಯಿತ್ತು, ನಾನು ದೂರದಲ್ಲಿದ್ದೆ. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟು ನಿಜ.

ಅದೇ ಶುಕ್ರವಾರ, ಇನ್ನಷ್ಟು

ಚಿತ್ರ ಮುಗಿದು ದೀಪ ಹತ್ತಿದಾಗ ದಾಮೋದರಣ್ಣ ನನ್ನ ಹತ್ತಿರ ಬಂದು, "ಸಾಧಕಿಯ ಸಿನೆಮಾ ಅಂತ ತರಿಸಿದ್ರೆ ಬೈಗುಳದ ಸಿನೆಮಾ ಆಯ್ತಲ್ಲ ಮೇಡಂ" ಎಂದರು. ಆಮೇಲೆ ಜಲಜಾಕ್ಷಿಯನ್ನು ವೇದಿಕೆಗೆ ಕರೆಯಲು ಮೈಕ್ ಹಿಡಿದರು. ಅವಳು ಆಗಲೇ ಬಾಗಿಲು ದಾಟಿದ್ದಳು.

ಕ್ಯಾಸೆಟ್ ತೆಗೆದುಕೊಂಡು ಹಿಂದೆಯೇ ಓಡಿದೆ. ಹೊರಗೆ ಅವಳ ಕೆಲಸದ ಮನೆಯವರ ಕಾರು ನಿಂತು ಹಾರ್ನ್ ಮಾಡುತ್ತಿತ್ತು. ಕ್ಯಾಸೆಟ್ ಕೈಗಿಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದಳು.

"ಮನೆಯಲ್ಲಿ ವಿಸಿಆರ್ ಉಂಟು ಮೇಡಂ. ಮಕ್ಕಳು ಮಲಗಿದ ಮೇಲೆ ನೋಡ್ಬಹುದು. ಯಾವ ವೈರ್ ತೆಗೀಬೇಕು? ಕೆಂಪಾ, ಬಿಳಿಯಾ?"

ಬಾಯಿಯವರೆಗೆ ಒಂದು ಉತ್ತರ ಬಂದಿತ್ತು. ಕೆಂಪು ಎಂದು. ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿದಂತಿತ್ತು, ನನ್ನ ಬೆರಳು, ಕೆಂಪು ತುದಿಯ ತಂತಿ. ಬೀಗದ ಮಾತೂ ನನಗೆ ಇಷ್ಟೇ ಸ್ಪಷ್ಟವಾಗಿ ನೆನಪಿತ್ತು.

"ನನಗೆ ಗೊತ್ತಿಲ್ಲ" ಎಂದೆ. "ಬಾ, ನೋಡುವ."

ಹಾರ್ನ್ ಬಡಿಯುತ್ತಲೇ ಇತ್ತು. ಒಳಗೆ ಮಕ್ಕಳು ಡ್ಯಾನ್ಸಿಗೆ ಸಾಲು ನಿಂತಿದ್ದರು, ಬಸವರಾಜ ವಿಸಿಆರ್ ಕಳಚುತ್ತಿದ್ದ. "ಅಯ್ಯ, ಮತ್ತ ಬಂದ್ರಿ?" ಎಂದು ತಲೆಗೆ ಕೈಹೊತ್ತ. ದಾಮೋದರಣ್ಣ ದೂರದಿಂದ ಗಡಿಯಾರ ತೋರಿಸಿದರು. ತಂತಿಗಳನ್ನು ಮತ್ತೆ ಹಾಕಿಸಿದೆವು, ಕ್ಯಾಸೆಟ್ ಹಾಕಿ ಮೊದಲಿಗೆ ತಿರುಗಿಸಿದೆವು. ಜಲಜಾಕ್ಷಿ ತಾನೇ ಬಗ್ಗಿ ಕೆಂಪು ಕಿತ್ತಳು. ಗುಹೆ. ಕೆಂಪನ್ನು ಹಾಕಿ ಬಿಳಿಯದನ್ನು ಕಿತ್ತಳು.

"ಏತ್ ಸರ್ತಿ ನಡಪುನಿ ಮಾರಾಯ್ರೆ?"

"ಬಿಳಿ" ಎಂದಳು ಜಲಜಾಕ್ಷಿ, ನನಗಲ್ಲ, ತನಗೆ ತಾನೇ. "ಬಿಳಿ ತೆಗೀಬೇಕು." ಕ್ಯಾಸೆಟ್ ಹೊರತೆಗೆದು ಸೆರಗಿಗೆ ಸುತ್ತಿಕೊಂಡು, ಸಾಲು ನಿಂತ ಮಕ್ಕಳ ನಡುವೆ ದಾರಿ ಮಾಡಿಕೊಳ್ಳುತ್ತ, ಬಿಳಿ, ಬಿಳಿ, ಎಂದು ಬಾಯಿಪಾಠ ಮಾಡುತ್ತ ಕಾರಿನ ಕಡೆಗೆ ಓಡಿದಳು.